ಸಂತೆಯ ಸರಕೆಂದವರಿಗೆ

ಪ್ರೇಮಗೀತೆಯೆಂದರೆ ಸಂಗೀತಪಂಡಿತರಿಗೆ ಮೂಗು ಮುರಿಯುವ ಚಪಲ. ಅದರಲ್ಲೂ ಆ ಗೀತೆ ಲಕ್ಷಗಟ್ಟಲೆ ಮಾರಾಟವಾಗಿ ಜನಪ್ರಿಯತೆಯ ಪಟ್ಟಿಯ ತುದಿಗೇರಿತೋ, ಮುಗಿಯಿತು. ಅದು 'ಸಂತೆಯ ಸರಕು'. 1992ರ ನವೆಂಬರ್ ಕೊನೆಯಿಂದ 14 ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಬೀಡುಬಿಟ್ಟಿದ್ದ, ವಿಟ್ನಿ ಹ್ಯೂಸ್ಟನ್ ಹಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ'ಗೂ ಈ ಬೈಗುಳ ತಪ್ಪಲಿಲ್ಲ. ಅಭಿಮಾನಿಗಳಾದರೋ ಅದನ್ನು ಮದುವೆಯಲ್ಲಿ ಹಾಕಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮೂಗು ಮುರಿಯುವವರೂ ಕಣ್ಣೊರೆಸಿಕೊಳ್ಳುವವರೂ ಹಾಡನ್ನು ಸರಿಯಾಗಿ ಕೇಳಿಲ್ಲವೆಂಬುದೇ ನನ್ನ ತಕರಾರು.

ಅದು ಕೂಡುವ ಹಾಡಲ್ಲ, ಅಗಲುವ ಹಾಡು. ಬರೆದವರು ಡಾಲಿ ಪಾರ್ಟನ್. 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ಕಂಟ್ರಿ ಗಾಯಕರ ಟೆಲಿವಿಷನ್ ಕಾರ್ಯಕ್ರಮಕ್ಕೆ ಸೇರಿದ ಆಕೆಗೆ, ಏಳು ವರ್ಷ ಕಳೆಯುವುದರೊಳಗೆ ಆ ನೆರಳು ಸಾಕಾಯಿತು. ಹೊರಡುತ್ತೇನೆಂದರೆ ವ್ಯಾಗನರ್ ಕೇಳಲೊಲ್ಲರು. ವಾದಿಸಿ ಫಲವಿಲ್ಲವೆಂದು ಕಂಡು, ಹಾಡು ಕಟ್ಟಿ ತಂದು ಅವರೆದುರಿಗೇ ಹಾಡಿದರು. ಅದರಲ್ಲಿ ಋಣದ ನೆನಪೂ ಇದೆ, ನಿಲ್ಲೆನೆಂಬ ಹಟವೂ ಇದೆ. ರಾಜೀನಾಮೆಯನ್ನು ಇಷ್ಟು ಚೆನ್ನಾಗಿ ಬರೆದವರನ್ನು ನಾನಂತೂ ಯಾವ ಕಚೇರಿಯಲ್ಲಿಯೂ ಕಂಡಿಲ್ಲ! 1974ರಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1982ರಲ್ಲಿ ಆಕೆಯೇ ಮತ್ತೆ ಹಾಡಿದಾಗ ಇನ್ನೊಮ್ಮೆ.

ಈ ನಡುವೆ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಬಯಸಿದರು. ಬೇಡವೆನ್ನುವವರುಂಟೆ? ಆದರೆ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಕರ್ನಲ್ ಟಾಮ್ ಪಾರ್ಕರ್, ಹಾಡಿನ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ದೊಡ್ಡವರ ಬಾಯಲ್ಲಿ ಬರುವ ಭಾಗ್ಯಕ್ಕೆ ಬರೆದವರು ತೆರಬೇಕಾದ ಕಪ್ಪ ಅದು. ಪಾರ್ಟನ್ ಒಲ್ಲೆನೆಂದರು. ರಾತ್ರಿಯೆಲ್ಲ ಅತ್ತೆನೆಂದು ಆಕೆಯೇ ಹೇಳಿಕೊಂಡಿದ್ದಾರೆ. ಅತ್ತರು, ಕೊಡಲಿಲ್ಲ. ಸಂತೆಯ ಸರಕೆಂದು ಹಂಗಿಸುವ ಪಂಡಿತರೇ, ಸಂತೆಯ ನಡುವೆ ನಿಂತು, ಅಷ್ಟು ದೊಡ್ಡ ಗಿರಾಕಿಗೆ ಇಲ್ಲವೆಂದವರ ಹಾಡಿದು. ಕಲೆಯ ಸ್ವಾಭಿಮಾನದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವ ನಿಮ್ಮಲ್ಲಿ ಎಷ್ಟು ಜನ ಹಾಗೆ ನಿಂತೀರಿ?

ಹ್ಯೂಸ್ಟನ್ನರ ಕಂಠವನ್ನು ನಾನು ಹಳಿಯುತ್ತಿಲ್ಲ. 'ದಿ ಬಾಡಿಗಾರ್ಡ್' ಚಿತ್ರಕ್ಕಾಗಿ ಹಾಡುವಾಗ, ಮೊದಲಲ್ಲಿ ಒಂದು ವಾದ್ಯದ ಆಸರೆಯೂ ಇಲ್ಲದೆ ಬರಿಯ ದನಿಯಲ್ಲಿ ಆಕೆ ಎತ್ತಿಕೊಳ್ಳುವ ರೀತಿಗೆ ಯಾರಾದರೂ ಮಾತು ನಿಲ್ಲಿಸಬೇಕು. ಪಟ್ಟಿಯಲ್ಲಿ ಆ ಕಂಠದ ಹೆಸರು ದಪ್ಪಕ್ಷರದಲ್ಲಿ ಬಿತ್ತು, ಸರಿಯೇ. ಹಾಡನ್ನು ಉಳಿಸಿಕೊಂಡ ಆ ರಾತ್ರಿಯ ಅಳುವಿಗೆ ಮಾತ್ರ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ. ಹಕ್ಕು ತನ್ನ ಕೈಯಲ್ಲಿಯೇ ಇದ್ದುದರಿಂದ 1992ರ ಮಾರಾಟದಲ್ಲಿ ಬರೆದವರ ಪಾಲು ಪೂರ್ತಿ ಆಕೆಯ ಕಡೆಗೇ ಬಂತೆಂಬುದೊಂದು ಸಮಾಧಾನ.

ಮುಂದೆ ಯಾವ ಮದುವೆಯಲ್ಲಾದರೂ ಈ ಹಾಡು ಕೇಳಿಬಂದರೆ ವಧೂವರರಿಗೆ ಇದನ್ನೆಲ್ಲ ಹೇಳಬೇಡಿ, ಪಾಪ. ಪಕ್ಕದಲ್ಲಿ ಮೂಗು ಮುರಿಯುತ್ತ ಕುಳಿತವರಿಗೆ ಹೇಳಿ.