ಚಿಕ್ಕವರಿಗೆ ನೆರೆಹೊರೆಯೇ ಬಲ

ದೊಡ್ಡಬೆಳವಂಗಲದ ಸಣ್ಣ ತಯಾರಕರು ಲಿಕ್ಟೆನ್‌ಸ್ಟೈನ್ ದೇಶದಿಂದ ಕಲಿಯಬೇಕಾದ ಪಾಠವೊಂದಿದೆ. ಕೇವಲ 160 ಚದರ ಕಿಲೋಮೀಟರ್ ವಿಸ್ತೀರ್ಣದ ಆ ದೇಶವು 1923ರಲ್ಲಿ ನೆರೆಯ ಸ್ವಿಟ್ಜರ್ಲೆಂಡಿನೊಡನೆ ಸುಂಕ ಒಕ್ಕೂಟದ ಒಪ್ಪಂದ ಮಾಡಿಕೊಂಡಿತು. 1992ರ ಜನಮತಗಣನೆಯಲ್ಲಿ ಸ್ವಿಸ್ ಮತದಾರರು ಯುರೋಪಿಯನ್ ಆರ್ಥಿಕ ಪ್ರದೇಶವನ್ನು ತಿರಸ್ಕರಿಸಿದರು. ಲಿಕ್ಟೆನ್‌ಸ್ಟೈನ್ 1995ರಲ್ಲಿ ಅದನ್ನು ಸೇರಿತು, ಹಳೆಯ ನಂಟನ್ನೂ ಉಳಿಸಿಕೊಂಡಿತು. ಎರಡೂ ಮಾರುಕಟ್ಟೆಗಳು ದಕ್ಕಿದವು.

ಇವೆರಡೂ ದೇಶಗಳಿರುವ ಯುರೋಪಿನ ಮುಕ್ತ ವ್ಯಾಪಾರ ಸಂಘದೊಡನೆ ಭಾರತದ ಒಪ್ಪಂದವು 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಆದರೆ ಅಲ್ಲಿ ಕೈಗಾರಿಕಾ ಸರಕಿನ ಆಮದು ಸುಂಕವು 2024ರ ಜನವರಿ 1ರಿಂದಲೇ ಎಲ್ಲ ರಾಷ್ಟ್ರಗಳಿಗೂ ರದ್ದಾಗಿದೆ. ಆದುದರಿಂದ ಸ್ಪರ್ಧೆ ಸುಂಕದ್ದಲ್ಲ, ಗುಣಮಟ್ಟದ್ದು. ಹೋಬಳಿಯ ತಯಾರಕರು ದೊಡ್ಡಬಳ್ಳಾಪುರದ ಮಗ್ಗದವರೊಡನೆ ಕೂಡಿ ಪರೀಕ್ಷೆ, ಪ್ಯಾಕಿಂಗ್, ಸಾಗಣೆಗಳನ್ನು ಒಟ್ಟಾಗಿ ನಡೆಸುವುದು ಅಗತ್ಯ. ಕೂಡಿದರೆ ಸ್ವಂತಿಕೆ ಅಳಿಯದು. ಒಂಟಿಯಾದರೆ ಮಾರುಕಟ್ಟೆ ದಕ್ಕದು.