ದೊಡ್ಡ ಹಾಯಿಯ ಖರ್ಚು ಯಾರ ಹೆಗಲಿಗೆ?

ಹಾಯಿದೋಣಿ ರೇಸ್ ಎಂದರೆ ಕಡಲ ತೀರದವರ, ಅದರಲ್ಲೂ ದುಡ್ಡಿದ್ದವರ ಆಟ ಎಂಬ ಮಾತು ನಮ್ಮ ಕಡೆ ಸಾಮಾನ್ಯ. ನನ್ನೂರು ಕೆಂಕೆರೆ. ಊರ ಹೆಸರಿನಲ್ಲಿ ಕೆರೆ ಇದ್ದರೂ ಸುತ್ತ ಕಾಣುವುದು ತೆಂಗಿನ ತೋಟವೇ. ಇಲ್ಲಿ ಕುಳಿತು ಹಾಯಿದೋಣಿಯ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. 2026ರ ಸೆಪ್ಟೆಂಬರ್‌ನಲ್ಲಿ ಜಪಾನ್‌ನ ಐಚಿ–ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟ. 2036ರ ಒಲಿಂಪಿಕ್ಸ್ ನಡೆಸುವ ಅವಕಾಶಕ್ಕೂ ಭಾರತ ಪ್ರಯತ್ನಿಸುತ್ತಿದೆ. ಪದಕ ಬಂದ ದಿನ ಎಲ್ಲರೂ ಸಂಭ್ರಮಿಸುತ್ತೇವೆ. ಆ ಪದಕಕ್ಕೆ ಮೊದಲು ವರ್ಷಗಟ್ಟಲೆ ಆಗುವ ಖರ್ಚನ್ನು ಯಾರು ಹೊರಬೇಕು ಎಂದು ಮಾತ್ರ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಹಾಯಿದೋಣಿ ರೇಸ್ ನಮ್ಮ ಮುಂದೆ ನೇರವಾಗಿ ಇಡುತ್ತದೆ.

ಈ ಆಟದ ದುಬಾರಿ ಭಾಗಗಳಲ್ಲಿ ಒಂದು ಸ್ಪಿನೇಕರ್. ದೋಣಿ ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಸಾಗುವಾಗ ಮಾಮೂಲಿ ಹಾಯಿಗಳು ಸಾಕು. ತಿರುವಿನ ಗುರುತು ಸುತ್ತಿ ಗಾಳಿ ಹಿಂದಿನಿಂದ ಬೀಸತೊಡಗಿದ ಕೂಡಲೇ ಬಲೂನಿನಂತೆ ಉಬ್ಬುವ ಈ ದೊಡ್ಡ, ಹಗುರ ಹಾಯಿಯನ್ನು ಏರಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿರುವ ‘49ಇಆರ್’ ದೋಣಿಯನ್ನೇ ನೋಡಿ. ಉದ್ದ ಸುಮಾರು 5 ಮೀಟರ್, ನಡೆಸುವವರು ಇಬ್ಬರು. ಮಾಮೂಲಿ ಎರಡು ಹಾಯಿ ಸೇರಿ ಸುಮಾರು 21 ಚದರ ಮೀಟರ್ ಆದರೆ, ಸ್ಪಿನೇಕರ್ ಒಂದೇ 38 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 30–40 ಸೈಟಿನ ಮೂರನೇ ಒಂದು ಭಾಗ!

ಲಾಭ ಸ್ಪಷ್ಟ: ವೇಗ. ಆದರೆ ಆ ವೇಗ ಪುಕ್ಕಟೆಯಲ್ಲ. ತೆಳು ಬಟ್ಟೆ ಬೇಗ ಸವೆಯುತ್ತದೆ, ಹರಿಯುತ್ತದೆ. ಏರಿಸುವುದು, ಇಳಿಸುವುದು ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು. ತುಸು ತಡವಾದರೂ ದೋಣಿ ಮಗುಚಬಹುದು, ಗಳಿಸಿದ ಮುನ್ನಡೆಯೆಲ್ಲ ನೀರುಪಾಲಾಗಬಹುದು. ಬೇರೆ ಬೇರೆ ಮಾದರಿಯ ದೋಣಿಗಳು ಒಟ್ಟಿಗೆ ಓಡುವ ಕ್ಲಬ್ ರೇಸ್‌ಗಳಲ್ಲಿ ಸ್ಪಿನೇಕರ್ ಬಳಸುವವರ ಲೆಕ್ಕಕ್ಕೆ ಹೆಚ್ಚುವರಿ ಸಮಯ ಸೇರಿಸುವ ಪದ್ಧತಿಯೂ ಇದೆ. ಅಂದರೆ ಹಾಯಿ ಕೊಂಡ ಮಾತ್ರಕ್ಕೆ ಗೆಲುವಿಲ್ಲ, ಅದನ್ನು ಪಳಗಿಸಲು ಬೇಕಾದ ಅಭ್ಯಾಸದ ವರ್ಷಗಳೇ ನಿಜವಾದ ಖರ್ಚು.

ಕೊಡವ ಮನೆತನದ, ಚೆನ್ನೈನಲ್ಲಿ ಅಭ್ಯಾಸ ಮಾಡಿದ ಕೆ.ಸಿ. ಗಣಪತಿ ಮತ್ತು ಅವರ ಜೊತೆಗಾರ ವರುಣ್ ಠಕ್ಕರ್ ಇದೇ ದೋಣಿಯಲ್ಲಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಅದೇ ಕೂಟದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಮಹಿಳೆಯರ ‘49ಇಆರ್ ಎಫ್ಎಕ್ಸ್’ನಲ್ಲಿ ಬೆಳ್ಳಿ ತಂದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಣಪತಿ–ವರುಣ್ ಜೋಡಿಗೆ ಸಿಕ್ಕಿದ್ದು 19 ದೋಣಿಗಳಲ್ಲಿ 17ನೇ ಸ್ಥಾನ. ಇದನ್ನು ಸೋಲು ಎಂದು ಬದಿಗಿಡುವುದು ಸುಲಭ. ಅಲ್ಲಿಗೆ ತಲುಪುವುದಕ್ಕೇ ವರ್ಷಗಟ್ಟಲೆ ಕಡಲು, ತರಬೇತುದಾರ, ದೋಣಿ ಎಲ್ಲವೂ ಬೇಕಿತ್ತು ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾದರೆ ಬಡವರ ಮಕ್ಕಳಿಗೆ ಇಲ್ಲಿ ಜಾಗವಿಲ್ಲವೇ? ಇದೆ, ಖರ್ಚನ್ನು ಸರ್ಕಾರವೋ ಸಂಸ್ಥೆಯೋ ಹೊತ್ತಲ್ಲಿ ಮಾತ್ರ. 2023ರಲ್ಲಿ ಹಾಂಗ್‌ಝೌನಲ್ಲಿ ಬಾಲಕಿಯರ ‘ಐಎಲ್‌ಸಿಎ 4’ ವಿಭಾಗದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಆಗ ಆಕೆಗೆ 17 ವರ್ಷ. ಆಕೆ ಕಲಿತದ್ದು ಕಡಲಲ್ಲಿ ಅಲ್ಲ, ಭೋಪಾಲದ ಸೇಲಿಂಗ್ ಶಾಲೆಯಲ್ಲಿ. ಅಲ್ಲಿನ ‘ಬಡಾ ತಾಲಾಬ್’ ಏರಿ ಕಟ್ಟಿ ನೀರು ನಿಲ್ಲಿಸಿದ ಹಳೆಯ ಕೆರೆ, ರಾಜಾ ಭೋಜ ಕಟ್ಟಿಸಿದ್ದು ಎಂಬುದು ಪ್ರತೀತಿ. ಆಕೆಯ ದೋಣಿಗೆ ಇದ್ದದ್ದು ಒಂದೇ ಹಾಯಿ, ಸ್ಪಿನೇಕರ್ ಇಲ್ಲ. ಕಡಿಮೆ ಖರ್ಚಿನ ಒಂಟಿ ಹಾಯಿಯ ದೋಣಿಯಿಂದ ಆರಂಭಿಸಿ, ಕೈ ಪಳಗಿದವರನ್ನು ದೊಡ್ಡ ಹಾಯಿಯ ದೋಣಿಗೆ ಹತ್ತಿಸುವುದೇ ಜಾಣ ದಾರಿ.

ಕರ್ನಾಟಕಕ್ಕೆ ಇದು ಅಸಾಧ್ಯವೇನಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುತ್ತಾ ಬಂದಿದ್ದಾರೆ. ನಮ್ಮ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಿತು, 2025ರ ಜನವರಿಯಲ್ಲಿ ಮತ್ತೆ ತುಂಬಿತು. ಕುಡಿಯುವ ನೀರು, ನೀರಾವರಿಗೆ ತೊಂದರೆಯಾಗದಂತೆ ಇಂಥ ಒಂದು ಜಲಾಶಯದಲ್ಲಿ ಹತ್ತಿಪ್ಪತ್ತು ಒಂಟಿ ಹಾಯಿಯ ದೋಣಿಗಳನ್ನು ಇಟ್ಟು ಹಳ್ಳಿ ಮಕ್ಕಳಿಗೆ ಕಲಿಸಬಾರದೇಕೆ? ಇಂಜಿನ್ ಇಲ್ಲದ ದೋಣಿ ನೀರಿಗೆ ಎಣ್ಣೆ ಬೆರೆಸುವುದೂ ಇಲ್ಲ.

ಪ್ರತಿಫಲ ಪದಕ ಮಾತ್ರವಲ್ಲ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳ ಕ್ರೀಡಾ ಕೋಟಾದ ಪಟ್ಟಿಯನ್ನು 2020ರಲ್ಲಿ 43 ಆಟಗಳಿಂದ 63ಕ್ಕೆ ಏರಿಸಲಾಯಿತು. ಹಾಯಿದೋಣಿ ಅದಕ್ಕೂ ಮೊದಲಿನಿಂದಲೇ ಆ ಪಟ್ಟಿಯಲ್ಲಿದೆ. ದೇಶವನ್ನೇ ಪ್ರತಿನಿಧಿಸಬೇಕೆಂದಿಲ್ಲ, ರಾಷ್ಟ್ರೀಯ ಕೂಟದಲ್ಲಿ ರಾಜ್ಯದ ಪರ ಆಡಿದವರೂ ಅರ್ಹರು. ಒಂದೇ ಪರೀಕ್ಷೆಗೆ ಲಕ್ಷಾಂತರ ಜನ ಅರ್ಜಿ ಹಾಕುವ ಈ ಕಾಲದಲ್ಲಿ ಇಂಥದ್ದೊಂದು ದಾರಿ ಇರುವುದೇ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಈ ಖರ್ಚನ್ನು ಮನೆಯವರೇ ಹೊರಲಿ ಎನ್ನುವುದು ಸರಿಯಲ್ಲ. ತಿಪಟೂರು ಮಾರುಕಟ್ಟೆಯನ್ನೇ ನೋಡಿ. 2023ರಲ್ಲಿ ಉಂಡೆ ಕೊಬ್ಬರಿಯ ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಿತ್ತು. 2025ರಲ್ಲಿ ಕ್ವಿಂಟಲ್‌ಗೆ ₹12,100 ಇದ್ದ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಎರಡೇ ವರ್ಷದಲ್ಲಿ ಇಷ್ಟು ಏರಿಳಿಯುವ ಆದಾಯವನ್ನು ನಂಬಿ ಯಾವ ತಂದೆತಾಯಿ ಹತ್ತು ವರ್ಷದ ತರಬೇತಿಗೆ ಹಣ ಹೂಡಿಯಾರು? ದರ ಬಿದ್ದ ವರ್ಷ ಮೊದಲು ನಿಲ್ಲುವುದು ಮಕ್ಕಳ ಆಟ.

ಗೆದ್ದವರಿಗೆ ಬಹುಮಾನ ಘೋಷಿಸುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಕಲಿಯುವವರಿಗೆ ದೋಣಿ ಕೊಡುವುದರಲ್ಲಿ ಸರ್ಕಾರ ತೋರಿಸಲಿ. ನಾವು ಯುವಜನರೂ ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ನಮ್ಮ ಜಿಲ್ಲೆಯಲ್ಲಿ ಯಾವ ಆಟಕ್ಕೆ ಎಷ್ಟು ಹಣ ಬಂದಿದೆ, ಯಾವುದಕ್ಕೆ ತರಬೇತುದಾರರಿದ್ದಾರೆ ಎಂದು ಕೇಳೋಣ. ಕೆರೆ ಕಟ್ಟಿಸುವುದನ್ನು ಪುಣ್ಯವೆಂದು ತಿಳಿದ ನಾಡು ನಮ್ಮದು. ಆ ನೀರಿನ ಮೇಲೆ ನಮ್ಮ ಮಕ್ಕಳಿಗೂ ಒಂದು ದೋಣಿ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.