ಹಾಜರಿ ಪುಸ್ತಕದ ಹೊರಗೆ ನಿಂತವರ ಹಕ್ಕು

ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಾಗಲಿ, ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಘಟಕದಲ್ಲಾಗಲಿ, ಒಂದೇ ಕೆಲಸಕ್ಕೆ ಇಬ್ಬರು ನಿಲ್ಲುತ್ತಾರೆ: ಒಬ್ಬ ಖಾಯಂ, ಇನ್ನೊಬ್ಬ ಗುತ್ತಿಗೆದಾರ ತಂದ ಹೆಲ್ಪರ್. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19(1)(ಸಿ) ವಿಧಿ ಇಬ್ಬರಿಗೂ ಕೊಟ್ಟಿದೆ. ಆದರೆ ಸಂಘಕ್ಕೆ ಚಂದಾ ಕಟ್ಟಿದ ಹೆಲ್ಪರ್‌ಗೆ ಮರುದಿನ ಗೇಟ್‌ಪಾಸ್ ಸಿಗುತ್ತದೆಂಬ ಭರವಸೆಯಿಲ್ಲ. ಹಕ್ಕು ಕಂಪನಿಯ ಹಾಜರಿ ಪುಸ್ತಕಕ್ಕೆ ಅಂಟಿಕೊಂಡಿರುವವರೆಗೆ ಅವನಿಗೆ ಅದು ದಕ್ಕದು. ಅದನ್ನು ಕೆಲಸಕ್ಕೇ ಜೋಡಿಸಬೇಕು.

ಸಂಘ ಕಟ್ಟುವ ಹಕ್ಕಿನ ಜೊತೆಗೆ ಚೌಕಾಸಿಯ ಅಥವಾ ಮುಷ್ಕರದ ಹಕ್ಕು ತಾನಾಗಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ ಹೇಳಿತ್ತು. ಹಾಗಾಗಿ ಕಾರ್ಮಿಕನ ನಿಜವಾದ ಆಸರೆ ಶಾಸನಗಳೇ. ಮಹಾರಾಷ್ಟ್ರದ 1971ರ ಕಾಯ್ದೆ ಈ ವಿಷಯದಲ್ಲಿ ಗಟ್ಟಿಯಾದದ್ದು. ಸಂಘ ಸೇರಿದ್ದಕ್ಕೆ ಕಿರುಕುಳ ಕೊಡುವುದು, ಖಾಯಂ ಮಾಡಬಾರದೆಂದೇ ವರ್ಷಗಟ್ಟಲೆ ಬದಲಿಯಾಗಿ ದುಡಿಸುವುದು ಅದರ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿ. ಇದಕ್ಕೆ 90 ದಿನಗಳೊಳಗೆ ದೂರು ಕೊಡಬಹುದು.

ಆದರೆ 2001ರಲ್ಲಿ ಕಲ್ಯಾಣಿ ಸ್ಟೀಲ್ಸ್ ಮತ್ತು ಸಿಪ್ಲಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್‌ನ ತೀರ್ಪುಗಳು ಬಂದವು. ಅವುಗಳ ಪ್ರಕಾರ, ಮಾಲೀಕ-ಕಾರ್ಮಿಕ ಸಂಬಂಧವೇ ವಿವಾದದಲ್ಲಿದ್ದರೆ, ಅದನ್ನು ಬೇರೆಡೆ ಸಾಬೀತುಪಡಿಸಿದ ಬಳಿಕವಷ್ಟೇ 1971ರ ಕಾಯ್ದೆಯಡಿ ದೂರು ನಿಲ್ಲುತ್ತದೆ. 'ಇವನು ನಮ್ಮವನಲ್ಲ' ಎಂದು ಕಂಪನಿ ಒಂದು ಮಾತು ಹೇಳಿದರೆ ಗುತ್ತಿಗೆ ಕಾರ್ಮಿಕ ವರ್ಷಗಟ್ಟಲೆ ಅಲೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಗಂಟು ಬಿಡಿಸಿಲ್ಲ. ಅದರ ಪ್ರಕಾರ, ಹಲವು ಸಂಘಗಳಿರುವಲ್ಲಿ ಮಾತುಕತೆಯ ಏಕೈಕ ಸಂಘವಾಗಲು ಮಸ್ಟರ್ ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಇರುವವರ ಪೈಕಿ ಶೇ 51ರಷ್ಟು ಬೆಂಬಲ ಬೇಕು. ಕಂಪನಿಯ ಮಸ್ಟರ್‌ನಲ್ಲಿ ಹೆಸರಿಲ್ಲದವನು ಆ ಎಣಿಕೆಗೇ ಬರುವುದಿಲ್ಲ.

ಇದು ಸಂಬಳದ ಪ್ರಶ್ನೆಯಷ್ಟೇ ಅಲ್ಲ. ಡೊಂಬಿವಲಿಯಲ್ಲಿ 2016ರ ಮೇ 26ರಂದು ಪ್ರೋಬೇಸ್, 2024ರ ಮೇ 23ರಂದು ಅಮುದಾನ್ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜೀವಗಳು ಹೋದವು. ಇಂಥ ಘಟಕಗಳಲ್ಲಿ ಅಪಾಯವನ್ನು ಮೊದಲು ಕಾಣುವವರು ಅಲ್ಲೇ ನಿಂತು ದುಡಿಯುವವರು. ಕೆಲಸ ಹೋಗುವ ಭಯವಿದ್ದವರು ಬಾಯಿ ಬಿಡುವುದು ಹೇಗೆ?

ಪರಿಹಾರದ ಮಾದರಿ ನವಿ ಮುಂಬೈಯಲ್ಲೇ ಇದೆ. ವಾಶಿಯ ಎಪಿಎಂಸಿಯಲ್ಲಿ ಮೂಟೆ ಹೊರುವ ಮಾಥಾಡಿಗೆ ಒಬ್ಬನೇ ಮಾಲೀಕನಿಲ್ಲ. ಮಾಥಾಡಿಗಳ ನಾಯಕ ಅಣ್ಣಾಸಾಹೇಬ ಪಾಟೀಲರ ಹೋರಾಟದಿಂದ ಬಂದ 1969ರ ಕಾಯ್ದೆ, ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಇರುವ ಮಂಡಳಿಗಳನ್ನು ರೂಪಿಸಿತು. ವ್ಯಾಪಾರಿಗಳು ಕೂಲಿಯ ಜೊತೆ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಭವಿಷ್ಯ ನಿಧಿ, ಗ್ರಾಚ್ಯುಟಿ ಅಲ್ಲಿಂದ ಬರುತ್ತವೆ. ಮಾಥಾಡಿ ಹೆಸರಿನಲ್ಲಿ ವಸೂಲಿ ನಡೆಯುತ್ತದೆಂಬ ಉದ್ಯಮಿಗಳ ದೂರನ್ನು ತಳ್ಳಿಹಾಕಬೇಕಿಲ್ಲ. ವಸೂಲಿಕೋರರನ್ನು ಶಿಕ್ಷಿಸಿ, ವ್ಯವಸ್ಥೆಯನ್ನು ಉಳಿಸಬೇಕು.

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಅದೇ ಹೊಣೆ ಸಂಘದ ಹಕ್ಕಿಗೂ ಬರಲಿ. ಸಂಘ ಸೇರಿದವನ ಗೇಟ್‌ಪಾಸ್ ಕಿತ್ತರೆ ಮೂಲ ಮಾಲೀಕ ಉತ್ತರಿಸಲಿ. ಮಾಲೀಕ-ಕಾರ್ಮಿಕ ಸಂಬಂಧದ ವಿವಾದವನ್ನು ದೂರು ಕೇಳುವ ನ್ಯಾಯಾಲಯವೇ ಕಾಲಮಿತಿಯಲ್ಲಿ ತೀರ್ಮಾನಿಸಲಿ. ಆವರಣದೊಳಗೆ ದುಡಿಯುವ ಎಲ್ಲರೂ ಸಂಘದ ಎಣಿಕೆಗೆ ಸೇರಲಿ.

ಈ ಪ್ರಶ್ನೆ ಮುಂಬೈ ಕನ್ನಡಿಗರದ್ದೂ ಹೌದು. ಮಂಗಳೂರಿನಿಂದ ಮುಂಬೈಗೆ ಬಂದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಹೋಟೆಲ್ ಕಾರ್ಮಿಕರನ್ನೂ ಸಂಘಟಿಸಿದ್ದರು. ಅವರಲ್ಲಿ ನಮ್ಮ ಕರಾವಳಿಯ ಹುಡುಗರಿದ್ದರು. ಇಂದು ಕಲಬುರಗಿ, ವಿಜಯಪುರಗಳಿಂದ ಬಂದವರು ನಾಕಾಗಳಲ್ಲಿ ಕೂಲಿಗೆ ಕಾಯುತ್ತಾರೆ. ಇಲ್ಲಿನ ಕನ್ನಡ ಸಂಘಗಳು ಹಬ್ಬ-ಉತ್ಸವಗಳ ಜೊತೆಗೆ ಇವರ ನೋಂದಣಿಗೂ ಕಾನೂನು ನೆರವಿಗೂ ಕೈಜೋಡಿಸಬೇಕು.